ಮನೆಯಲ್ಲಿ ಉಳಿದ ಮಾತ್ರೆಗಳು ಮತ್ತು ಅರ್ಧಾಯುವಿನ ಲೆಕ್ಕ

ನಮ್ಮ ಮನೆಯಲ್ಲಿ ಔಷಧಗಳಿಗೆಂದೇ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇರಬಹುದು. ಡಬ್ಬಿ ಅಲ್ಲದಿದ್ದರೆ ಫ್ರಿಜ್ಜಿನ ಬಾಗಿಲು, ಗೋಡೆಯ ಗೂಡು ಅಥವಾ ಟೀವಿ ಮೇಜಿನ ಡ್ರಾಯರ್. ನನ್ನ ತಂದೆಯವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರಿಗೆಂದು ತಂದ ಮಾತ್ರೆಗಳೆಲ್ಲ ಆ ಡಬ್ಬಿ ಸೇರಿದ್ದವು. ಅವರು ತೀರಿಕೊಂಡ ನಂತರ ಊರುಗೋಲು, ಕನ್ನಡಕ, ಪಂಚೆಗಳನ್ನು ಬೇಕಾದವರಿಗೆ ಕೊಟ್ಟೆವು. ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ದುಡ್ಡು ಕೊಟ್ಟು ತಂದ ಔಷಧ, ಎಂದಾದರೂ ಯಾರಿಗಾದರೂ ಬೇಕಾದೀತು ಎಂಬ ಭಾವನೆ.

ಬೇಕಾಯಿತು. ನನ್ನ ತಂಗಿಯ ಮಗ ನಮ್ಮ ಮನೆಯಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಿದ್ದ. ಪರೀಕ್ಷೆ ಹತ್ತಿರವಾದಂತೆ ಬೆಳಿಗ್ಗೆ ಹತ್ತು ಗಂಟೆಗೂ ಅವನು ತೂಕಡಿಸುತ್ತಿದ್ದುದನ್ನು ನೋಡಿ, ರಾತ್ರಿಯಿಡೀ ಓದುತ್ತಿದ್ದಾನೆ ಎಂದುಕೊಂಡೆ. ಒಂದು ದಿನ, ಹಿಂದಿನ ಸಂಜೆ ನಾನೇ ಕೂರಿಸಿಕೊಂಡು ಬಿಡಿಸಿದ್ದ ಲೆಕ್ಕವನ್ನು ಅವನು ಹೊಸದೆಂಬಂತೆ ನೋಡಿದಾಗ ಅನುಮಾನವಾಯಿತು. ಕೇಳಿದೆ. ಅವನು ಏನನ್ನೂ ಮುಚ್ಚಿಡಲಿಲ್ಲ. 'ನಿದ್ದೆ ಬರ್ತಿರ್ಲಿಲ್ಲ ಮಾವ. ತಾತನ ಮಾತ್ರೆ ದಿನಾ ಒಂದು ತಗೋತಿದ್ದೆ. ಡಾಕ್ಟ್ರು ತಾತಂಗೆ ಕೊಟ್ಟಿದ್ದೇ ಅಲ್ವಾ, ಡ್ರಗ್ಸ್ ಏನಲ್ವಲ್ಲ' ಎಂದ. ಡಬ್ಬಿ ತೆಗೆದು ಎಣಿಸಿದೆವು. ಹನ್ನೊಂದು ರಾತ್ರಿ, ಹನ್ನೊಂದು ಡಯಾಜೆಪಾಮ್ ಮಾತ್ರೆ.

ಕಳೆದ 28 ವರ್ಷಗಳಿಂದ ತರಗತಿಯಲ್ಲಿ ಅರ್ಧಾಯುವಿನ ಪಾಠ ಮಾಡುತ್ತಿರುವ ನಾನು ಅದನ್ನು ನಮ್ಮ ಮನೆಯ ಡಬ್ಬಿಗೆ ಒಮ್ಮೆಯೂ ಅನ್ವಯಿಸಿ ನೋಡಿರಲಿಲ್ಲ. ಈ ಲೇಖನ ಆ ತಪ್ಪಿನಿಂದ ಹುಟ್ಟಿದ್ದು.

ಹುಣಸೆ ಬೀಜದ ಪ್ರಯೋಗ

ವಿಕಿರಣಶೀಲ ಪರಮಾಣುಗಳ ಸಂಖ್ಯೆ ಅರ್ಧಕ್ಕಿಳಿಯಲು ಬೇಕಾಗುವ ಕಾಲವನ್ನು ಅರ್ಧಾಯು ಎನ್ನುತ್ತೇವೆ. ರಕ್ತದಲ್ಲಿರುವ ಬಹುಪಾಲು ಔಷಧಗಳೂ ಇದೇ ನಿಯಮವನ್ನು ಪಾಲಿಸುತ್ತವೆ. ಯಕೃತ್ತಿನ ಕಿಣ್ವಗಳು ಮತ್ತು ಮೂತ್ರಪಿಂಡಗಳು ಒಂದು ನಿರ್ದಿಷ್ಟ ಅವಧಿಯಲ್ಲಿ ರಕ್ತದಲ್ಲಿರುವ ಔಷಧದ ಒಂದು ನಿರ್ದಿಷ್ಟ ಭಾಗವನ್ನು ತೆಗೆದುಹಾಕುತ್ತವೆ. ಹೆಚ್ಚು ಇದ್ದರೆ ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಪ್ಯಾರಸಿಟಮಾಲ್‌ನ ಅರ್ಧಾಯು ಸುಮಾರು 2ರಿಂದ 3 ಗಂಟೆ. ಟ್ರಮಡಾಲ್ ಎಂಬ ನೋವು ನಿವಾರಕದ್ದು ಸುಮಾರು 6 ಗಂಟೆ. ಡಯಾಜೆಪಾಮ್‌ನದು 20ರಿಂದ 50 ಗಂಟೆ. ಅದು ದೇಹದಲ್ಲಿ ಒಡೆದಾಗ ಹುಟ್ಟುವ ಇನ್ನೊಂದು ವಸ್ತುವೂ ಅಮಲು ತರುವಂಥದೇ, ಅದರ ಅರ್ಧಾಯು ಮತ್ತೂ ಹೆಚ್ಚು.

ಇದನ್ನು ತರಗತಿಯಲ್ಲಿ ತೋರಿಸಲು ನೂರು ಹುಣಸೆ ಬೀಜಗಳು ಸಾಕು. ಚೌಕಾಬಾರಕ್ಕೆ ಮಾಡಿಕೊಳ್ಳುವಂತೆ ಎರಡು ಹೋಳು ಮಾಡಿ ಒಂದೊಂದು ಹೋಳನ್ನು ಇಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಚೆಲ್ಲಿ, ಬಿಳಿ ಬದಿ ಮೇಲಾದವನ್ನು ತೆಗೆದಿಡಿ, ಉಳಿದವನ್ನು ಎಣಿಸಿ ಮತ್ತೆ ಚೆಲ್ಲಿ. ಎಸೆತದ ಸಂಖ್ಯೆಗೆ ಪ್ರತಿಯಾಗಿ ಉಳಿದ ಬೀಜಗಳ ನಕ್ಷೆ ಬರೆದರೆ ಪಠ್ಯಪುಸ್ತಕದ ಇಳಿರೇಖೆ ಕಣ್ಣೆದುರಿಗೇ ಮೂಡುತ್ತದೆ. (ಒಂದು ಎಚ್ಚರಿಕೆ: ಹೋಳುಗಳು ಎರಡೂ ಬದಿಗೆ ಸಮನಾಗಿ ಬೀಳಲೇಬೇಕೆಂದಿಲ್ಲ. ನಿಮ್ಮ ಬೀಜಗಳು ಎಸೆತಕ್ಕೆ ಶೇಕಡಾ ಎಷ್ಟು ಉಳಿಯುತ್ತವೆ ಎಂಬುದನ್ನು ಮೊದಲು ಅಳೆದುಕೊಳ್ಳಿ. ಆ ಅಳತೆಯೇ ಒಂದು ಒಳ್ಳೆಯ ಪ್ರಯೋಗ.)

ಈಗ ಪ್ರಯೋಗವನ್ನು ಸ್ವಲ್ಪ ಬದಲಿಸೋಣ. ಪ್ರತಿ ಎಸೆತಕ್ಕೆ ಮುಂಚೆ ನೂರು ಹೊಸ ಬೀಜಗಳನ್ನು ಸೇರಿಸಿ. ಪ್ರತಿ ಎಸೆತದಲ್ಲಿ ಅರ್ಧ ಹೋಗುತ್ತದೆ ಎಂದುಕೊಂಡರೆ ಎಸೆಯುವ ಮುನ್ನ ಕೈಯಲ್ಲಿರುವ ಬೀಜಗಳು ಮೊದಲು 100, ನಂತರ 150, ನಂತರ 175. ಹೀಗೆ ಏರುತ್ತ 200ರ ಸಮೀಪ ಬಂದು ನಿಲ್ಲುತ್ತವೆ. ವೈದ್ಯರು 'ದಿನಕ್ಕೆ ಎರಡು, ಊಟದ ನಂತರ' ಎಂದು ಬರೆಯುವಾಗ ಈ ಏರುವಿಕೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬರೆಯುತ್ತಾರೆ.

ನನ್ನ ಸೋದರಳಿಯನ ಲೆಕ್ಕ ನೋಡಿ. ಅರ್ಧಾಯುವನ್ನು ಅನುಕೂಲಕ್ಕಾಗಿ 48 ಗಂಟೆ ಎಂದಿಟ್ಟುಕೊಂಡರೆ 24 ಗಂಟೆಗಳಲ್ಲಿ ಶೇಕಡಾ 71 ಭಾಗ ದೇಹದಲ್ಲೇ ಉಳಿಯುತ್ತದೆ. ಮೊದಲ ರಾತ್ರಿ ಒಂದು ಮಾತ್ರೆ. ಎರಡನೆಯ ರಾತ್ರಿ 1.71. ಮೂರನೆಯದು 2.21. ನಾಲ್ಕನೆಯದು 2.56. ಹನ್ನೊಂದನೆಯ ರಾತ್ರಿ 3.34. ಅವನು ನುಂಗಿದ್ದು ದಿನಕ್ಕೆ ಒಂದೇ ಮಾತ್ರೆ, ಮಲಗುವಾಗ ದೇಹದಲ್ಲಿದ್ದುದು ಮೂರಕ್ಕೂ ಹೆಚ್ಚು. ಬೆಳಿಗ್ಗೆ ಕಾಲೇಜಿಗೆ ಹೊರಟಾಗಲೂ ಎರಡೂವರೆಗಿಂತ ಕಡಿಮೆ ಇರಲಿಲ್ಲ. ಡಯಾಜೆಪಾಮ್ ಬೆಂಜೊಡಯಜೆಪೀನ್ ಎಂಬ ಗುಂಪಿಗೆ ಸೇರಿದ ಔಷಧ. ಈ ಗುಂಪಿನ ಔಷಧಗಳಿಗೆ ಹೊಸ ನೆನಪುಗಳು ಮಿದುಳಿನಲ್ಲಿ ನೆಲೆಯಾಗುವುದನ್ನು ತಡೆಯುವ ಗುಣವಿದೆ. ಪರೀಕ್ಷೆಗೆ ಓದಲೆಂದು ನಿದ್ದೆ ಮಾಡಬೇಕು, ನಿದ್ದೆ ಮಾಡಲೆಂದು ಮಾತ್ರೆ ಬೇಕು, ಆ ಮಾತ್ರೆಯಿಂದ ಓದಿದ್ದು ಉಳಿಯುವುದಿಲ್ಲ!

ಸರಳ ಲೆಕ್ಕ ಎಲ್ಲಿ ಸೋಲುತ್ತದೆ?

ಬೀಜದ ಪ್ರಯೋಗ ಕೆಲಸ ಮಾಡುವುದು ಕಿಣ್ವಗಳಿಗೆ ಬಿಡುವಿರುವವರೆಗೆ. ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಕೌಂಟರ್ ಒಂದೇ ಇದ್ದಾಗ ಸಾಲು ಎಷ್ಟೇ ಉದ್ದವಾದರೂ ನಿಮಿಷಕ್ಕೆ ಹೋಗುವವರ ಸಂಖ್ಯೆ ಅಷ್ಟೇ. ಕಿಣ್ವಗಳೂ ಹಾಗೆ. ಮದ್ಯಸಾರ ದೇಹದಿಂದ ಹೊರಹೋಗುವುದು ಬಹುಮಟ್ಟಿಗೆ ಹೀಗೆಯೇ, ಗಂಟೆಗೆ ಇಂತಿಷ್ಟು ಎಂದು. ಅಲ್ಲಿ 200ರ ಬಳಿ ನಿಲ್ಲುವ ಮಾತಿಲ್ಲ. ಹಾಕಿದಷ್ಟೂ ಏರುತ್ತದೆ.

ಪ್ಯಾರಸಿಟಮಾಲ್‌ನ ಕಥೆ ಇನ್ನಷ್ಟು ವಿಚಿತ್ರ. ಚೀಟಿ ಇಲ್ಲದೆ ಕಿರಾಣಿ ಅಂಗಡಿಯಲ್ಲೂ ಸಿಗುವ ಈ ಮಾತ್ರೆ ನಿಗದಿತ ಪ್ರಮಾಣದಲ್ಲಿ ಬಹಳ ಸುರಕ್ಷಿತ. ಅದರ ಬಹುಭಾಗ ನಿರಪಾಯಕಾರಿ ವಸ್ತುಗಳಾಗಿ ಮೂತ್ರದಲ್ಲಿ ಹೋಗುತ್ತದೆ. ಒಂದು ಸಣ್ಣ ಪಾಲು ಮಾತ್ರ ವಿಷವಸ್ತುವಾಗಿ ಬದಲಾಗುತ್ತದೆ, ಅದನ್ನು ಯಕೃತ್ತಿನಲ್ಲಿರುವ ಗ್ಲೂಟಥಯಾನ್ ಕೂಡಲೇ ಹಿಡಿದು ತಟಸ್ಥಗೊಳಿಸುತ್ತದೆ. ಮಾತ್ರೆ ಹೆಚ್ಚಾದಾಗ ಮೊದಲ ದಾರಿ ತುಂಬಿಹೋಗಿ ಎರಡನೆಯ ದಾರಿಗೆ ಹೆಚ್ಚು ಬರುತ್ತದೆ, ಗ್ಲೂಟಥಯಾನ್ ಖಾಲಿಯಾಗುತ್ತದೆ, ವಿಷ ಯಕೃತ್ತಿನ ಕೋಶಗಳನ್ನೇ ಕೊಲ್ಲುತ್ತದೆ. ಇದರಲ್ಲಿ ಮೋಸ ಮಾಡುವುದು ಮೊದಲ ದಿನ. ಹುಡುಗ ಚೆನ್ನಾಗಿಯೇ ಇರುವಂತೆ ಕಾಣುತ್ತಾನೆ. ಲಕ್ಷಣಗಳು ಸ್ಪಷ್ಟವಾಗುವ ಹೊತ್ತಿಗೆ ಅಮೂಲ್ಯ ಗಂಟೆಗಳು ಕಳೆದಿರುತ್ತವೆ. ಪ್ರತ್ಯೌಷಧ ಉಂಟು, ಅದನ್ನು ಮೊದಲ ಎಂಟು ಗಂಟೆಗಳೊಳಗೆ ಕೊಟ್ಟರೆ ಅತ್ಯಂತ ಪರಿಣಾಮಕಾರಿ. ಆದ್ದರಿಂದ 'ಏನೂ ಆಗಿಲ್ಲವಲ್ಲ' ಎಂದು ಕಾಯಬಾರದು, ಖಾಲಿ ಸ್ಟ್ರಿಪ್ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಬೇಕು. ಅಮಲಿನ ಆಸೆಗೆ ಜನ ದುರುಪಯೋಗ ಮಾಡುವ ಕೆಲವು ನೋವಿನ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಕೂಡ ಬೆರೆತಿರುತ್ತದೆ. ಒಂದನ್ನು ಹುಡುಕಿಕೊಂಡು ಹೋದವನು ಎರಡನ್ನೂ ನುಂಗುತ್ತಾನೆ.

ಎಲ್ಲ ದೇಹಗಳೂ ಒಂದೇ ಅಲ್ಲ ಎಂಬುದು ಮತ್ತೊಂದು ತೊಡಕು. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೋಡೀನ್ ಅಫೀಮಿನ ವಂಶದ್ದು. ಯಕೃತ್ತಿನ ಒಂದು ಕಿಣ್ವ ಅದರ ಸ್ವಲ್ಪ ಭಾಗವನ್ನು ಮಾರ್ಫೀನ್ ಆಗಿ ಪರಿವರ್ತಿಸುತ್ತದೆ. ಆ ಕಿಣ್ವದ ಜೀನ್ ಕೆಲವರಲ್ಲಿ ಕೆಲಸವನ್ನೇ ಮಾಡುವುದಿಲ್ಲ, ಕೆಲವರಲ್ಲಿ ಹೆಚ್ಚುವರಿ ಪ್ರತಿಗಳಿರುತ್ತವೆ. ಹೆಚ್ಚುವರಿ ಪ್ರತಿಗಳಿರುವವರಲ್ಲಿ ಮಾಮೂಲಿ ಪ್ರಮಾಣವೂ ಅಪಾಯಕ್ಕೆ ತಿರುಗಬಹುದು. 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 12 ವರ್ಷದೊಳಗಿನ ಮಕ್ಕಳಿಗೆ ಕೋಡೀನ್ ಮತ್ತು ಟ್ರಮಡಾಲ್ ಕೊಡಕೂಡದೆಂದು ಎಚ್ಚರಿಸಿದ್ದು ಈ ಕಾರಣಕ್ಕೆ. ಗೆಳೆಯ ಕುಡಿದು ಆರಾಮಾಗಿದ್ದಾನೆ ಎಂಬುದು ನನಗೂ ಏನೂ ಆಗದು ಎಂಬುದಕ್ಕೆ ಸಾಕ್ಷಿಯಲ್ಲ.

ಉಸಿರಿನ ನಿಯಂತ್ರಣ

ಅಫೀಮು ವಂಶದ ಔಷಧಗಳು ಕೊಲ್ಲುವುದು ಹೆಚ್ಚಾಗಿ ಉಸಿರಾಟವನ್ನು ನಿಲ್ಲಿಸಿ. ಮಿದುಳಿನ ಕಾಂಡದಲ್ಲಿರುವ ಉಸಿರಾಟದ ಕೇಂದ್ರ ರಕ್ತದ ಇಂಗಾಲದ ಡೈಆಕ್ಸೈಡ್ ಮಟ್ಟವನ್ನು ಸದಾ ಗಮನಿಸುತ್ತಿರುತ್ತದೆ. ಮಟ್ಟ ಏರಿದರೆ ಉಸಿರನ್ನು ಚುರುಕುಗೊಳಿಸುತ್ತದೆ. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟ್ಯಾಟ್‌ನಂಥ ಏರ್ಪಾಡು ಇದು. ಮಾರ್ಫೀನ್‌ನಂಥ ವಸ್ತುಗಳು ಆ ಸಂವೇದನೆಯನ್ನೇ ಮಂದಗೊಳಿಸುತ್ತವೆ. ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಕೇಂದ್ರಕ್ಕೆ ಅದರ ಅರಿವಿಲ್ಲ. ನಿದ್ದೆಯ ಮಾತ್ರೆಗಳು ಬೇರೆ ಗ್ರಾಹಕಗಳ ಮೂಲಕ ಮಿದುಳಿಗೆ ಬ್ರೇಕ್ ಹಾಕುತ್ತವೆ. ಮದ್ಯವೂ ಅಷ್ಟೇ. ಎರಡು ಮೂರು ಬ್ರೇಕ್‌ಗಳನ್ನು ಒಟ್ಟಿಗೆ ಒತ್ತಿದರೆ ಏನಾಗುತ್ತದೆಂಬುದನ್ನು ವಿವರಿಸಬೇಕಿಲ್ಲ. ಒಂದೊಂದೂ ತನ್ನಷ್ಟಕ್ಕೆ ಸಾಯಿಸದ ಪ್ರಮಾಣದಲ್ಲಿದ್ದರೂ ಕೂಡಿದಾಗ ಸಾವು ಬರಬಹುದು.

ದಿನವೂ ತೆಗೆದುಕೊಂಡರೆ ಮಿದುಳು ಒಗ್ಗಿಕೊಳ್ಳುತ್ತದೆ. ಇದಕ್ಕೆ ಸಹಿಷ್ಣುತೆ ಎನ್ನುತ್ತಾರೆ. ಮೊದಲ ದಿನದ ಹಿತ ಈಗ ಸಿಗಬೇಕಾದರೆ ಪ್ರಮಾಣ ಹೆಚ್ಚಿಸಬೇಕು. ಆದರೆ ಹಿತಕ್ಕೆ ಮಿದುಳು ಒಗ್ಗುವಷ್ಟು ಬೇಗ ಉಸಿರಾಟದ ಕೇಂದ್ರ ಒಗ್ಗುವುದಿಲ್ಲ. ಹೀಗಾಗಿ ಬೇಕೆನಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ದಿನದಿನಕ್ಕೆ ಕಿರಿದಾಗುತ್ತದೆ. ಇನ್ನೂ ಒಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಕೆಲವು ವಾರ ಬಿಟ್ಟರೆ ಈ ಒಗ್ಗಿಕೆ ಮಾಯವಾಗುತ್ತದೆ. ಬಿಟ್ಟವನು ಒಂದು ದುರ್ಬಲ ದಿನ ಹಳೆಯ ಪ್ರಮಾಣಕ್ಕೆ ಮರಳಿದರೆ ಆ ದಿನವೇ ಅವನಿಗೆ ಅತ್ಯಂತ ಅಪಾಯದ ದಿನ. 'ಬಿಟ್ಟುಬಿಟ್ಟಿದ್ದಾನೆ, ಇನ್ನೇನು ಭಯವಿಲ್ಲ' ಎಂದು ಮನೆಯವರು ನಿರಾಳರಾಗುವುದು ಆಗಲೇ.

ಹದಿಹರೆಯದಲ್ಲಿ ಇದೆಲ್ಲ ಇನ್ನಷ್ಟು ತೀವ್ರ. ಹಿತವನ್ನು ಗುರುತಿಸಿ ಮತ್ತೆ ಬೇಕೆನ್ನುವ ಮಿದುಳಿನ ಭಾಗ ಬೇಗ ಪಕ್ವವಾಗುತ್ತದೆ. ತಡೆ ಹಿಡಿಯುವ ಮುಂಭಾಗ ಪಕ್ವವಾಗುವುದು ಇಪ್ಪತ್ತರ ನಡುವಿನ ವಯಸ್ಸಿಗೆ.

ಎಷ್ಟು ವ್ಯಾಪಕ?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. 10ರಿಂದ 75 ವರ್ಷದವರಲ್ಲಿ ಶೇಕಡಾ 1.08, ಅಂದರೆ ಸುಮಾರು 1.18 ಕೋಟಿ ಜನ, ನಿದ್ದೆ ಮತ್ತು ಶಮನಕಾರಿ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸುತ್ತಿದ್ದರು. ಅಫೀಮು ವಂಶದ ಅಂಗಡಿ ಔಷಧಗಳನ್ನು ಹೀಗೆ ಬಳಸುವವರು ಶೇಕಡಾ 0.96. ಇದೇ ವರದಿಯಲ್ಲಿ ನೇರವಾಗಿ ಅಫೀಮು ಬಳಸುವವರು ಶೇಕಡಾ 0.52. ಗಾಂಜಾ, ಅಫೀಮುಗಳ ಬಗ್ಗೆ ನಾವು ಮಾಡುವ ಗದ್ದಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರೆಗಳ ಬಗ್ಗೆ ನಾವು ಆಡುವ ಮಾತು ಬಹಳ ಕಡಿಮೆ.

ಕಾನೂನು ಇಲ್ಲವೆಂದಲ್ಲ. ಔಷಧ ನಿಯಮಗಳ ಎಚ್ ಪಟ್ಟಿಯಲ್ಲಿರುವುದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಪಟ್ಟಿಯಲ್ಲಿ ಡಯಾಜೆಪಾಮ್, ಆಲ್‌ಪ್ರಜೋಲಾಮ್, ಕೋಡೀನ್, ಟ್ರಮಡಾಲ್ ಮುಂತಾದವು ಇವೆ. ಇವುಗಳನ್ನು ಮಾರುವಾಗ ರೋಗಿಯ ಹೆಸರು, ವೈದ್ಯರ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. 2018ರಲ್ಲಿ ಟ್ರಮಡಾಲ್ ಅನ್ನು ಮಾದಕದ್ರವ್ಯ ಕಾಯಿದೆಯ ವ್ಯಾಪ್ತಿಗೂ ತರಲಾಯಿತು. ಸ್ಟ್ರಿಪ್ಪಿನ ಮೇಲೆ ಕೆಂಪು ಅಂಚಿನ ಚೌಕದಲ್ಲಿ ಎಚ್ಚರಿಕೆ ಮುದ್ರಿತವಾಗಿರುತ್ತದೆ. ಒಂದು ದಿನ ಮಕ್ಕಳಿಗೆ ಮನೆಯ ಖಾಲಿ ಸ್ಟ್ರಿಪ್‌ಗಳನ್ನು ತರಲು ಹೇಳಿ ಆ ಚೌಕವನ್ನು ಓದಿಸಿ ನೋಡಿ. ಎಷ್ಟು ದೊಡ್ಡವರು ಅದನ್ನು ಓದಿರುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಅಂಗಡಿಯವನನ್ನೇ ದೂರಿ ಪ್ರಯೋಜನವಿಲ್ಲ. ಹಳೆಯ ಚೀಟಿ ಹಿಡಿದು, ಅದೂ ಇಲ್ಲದೆ, 'ಅದೇ ಬಿಳಿ ಮಾತ್ರೆ ಹತ್ತು ಕೊಡಿ' ಎಂದು ಮಕ್ಕಳನ್ನು ಕಳಿಸುವವರು ನಾವೇ. ಅವನು ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುವವರೂ ನಾವೇ. ಒಂದು ಊರಿನ ಪೋಷಕರು, ಶಾಲೆ ಮತ್ತು ಔಷಧ ಅಂಗಡಿಗಳು ಕೂಡಿ, ಶಾಲಾ ಮಕ್ಕಳ ಕೈಗೆ ಎಚ್1 ಔಷಧ ಕೊಡುವುದಿಲ್ಲ, ನಾವೂ ಕಳಿಸುವುದಿಲ್ಲ ಎಂದು ಒಪ್ಪಿಕೊಂಡರೆ ಖರ್ಚೇನೂ ಇಲ್ಲ. ಎಲ್ಲ ಅಂಗಡಿಗಳೂ ಒಪ್ಪಿದರೆ ಯಾರಿಗೂ ಗಿರಾಕಿ ಕಳೆದುಕೊಳ್ಳುವ ಭಯವಿಲ್ಲ.

ಜಾಥಾ, ಭಾಷಣ ಮತ್ತು ಪ್ರಶ್ನೆ ಕೇಳುವ ಮಕ್ಕಳು

ಪ್ರತಿ ವರ್ಷ ಜೂನ್ 26ರಂದು ಶಾಲೆಗಳಲ್ಲಿ ಮಾದಕ ವಸ್ತು ವಿರೋಧಿ ದಿನ ಆಚರಿಸುತ್ತೇವೆ. ಜಾಥಾ, ಪ್ರಮಾಣವಚನ, ತಲೆಬುರುಡೆಯ ಚಿತ್ರ. ನಾನೂ ಅಂಥ ವೇದಿಕೆಗಳಲ್ಲಿ ಕೂತಿದ್ದೇನೆ. ಅದರಿಂದ ಏನಾಗುತ್ತದೆ? 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆರಂಭವಾಗಿ ಅಮೆರಿಕದ ಶಾಲೆಗಳಿಗೆಲ್ಲ ಹಬ್ಬಿದ 'ಡೇರ್' ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ಅದು ಬಹಳ ಜನಪ್ರಿಯವಾಯಿತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1994ರಲ್ಲಿ ಪರಿಶೀಲಿಸಿದಾಗ ಮಾದಕ ವಸ್ತುಗಳ ಬಳಕೆಯ ಮೇಲೆ ಅದರ ಪರಿಣಾಮ ಅತ್ಯಲ್ಪವೆಂದು ಕಂಡುಬಂತು. ಭಯ ಹುಟ್ಟಿಸುವುದರಿಂದ ಅಥವಾ ಬರೀ ಮಾಹಿತಿ ಕೊಡುವುದರಿಂದ ಪ್ರಯೋಜನವಿಲ್ಲ ಎಂದು ವಿಶ್ವಸಂಸ್ಥೆಯ ಮಾದಕದ್ರವ್ಯ ಕಚೇರಿಯೂ 2013ರ ತನ್ನ ಮಾನದಂಡಗಳಲ್ಲಿ ಹೇಳಿದೆ. ನೆರವಾಗುವುದು ಮಕ್ಕಳು ತಾವೇ ಪಾಲ್ಗೊಳ್ಳುವ, ಅನೇಕ ವಾರ ನಡೆಯುವ, ಒತ್ತಡ ನಿಭಾಯಿಸುವುದನ್ನೂ 'ಬೇಡ' ಎನ್ನುವುದನ್ನೂ ರೂಢಿ ಮಾಡಿಸುವ ತರಗತಿಗಳು, ಮತ್ತು ತಂದೆತಾಯಿಯರೊಡನೆ ಮಾಡುವ ಕೆಲಸ.

ಹಾಗಾದರೆ ಹುಣಸೆ ಬೀಜದ ಪ್ರಯೋಗವೂ ಬರೀ ಮಾಹಿತಿಯಲ್ಲವೇ ಎಂದು ನೀವು ಕೇಳಬಹುದು. ಹೌದು, ಅದೊಂದೇ ಸಾಲದು. ಆದರೆ ಅದಕ್ಕೆ ಒಂದು ಗುಣವಿದೆ. ಬೀಜ ಎಣಿಸುತ್ತ ಕುಳಿತ ಹುಡುಗ ಪ್ರಶ್ನೆ ಕೇಳುತ್ತಾನೆ. 'ಸರ್, ನಮ್ಮಜ್ಜಿ ಹತ್ತು ವರ್ಷದಿಂದ ತಗೋತಿದ್ದಾರೆ, ಬಿಡಿಸಬಹುದಾ?' ಎಂದು ಒಬ್ಬಳು ಕೇಳಿದ್ದಳು. ಇಲ್ಲ, ತಟ್ಟನೆ ಬಿಡಿಸಬಾರದು. ದೀರ್ಘಕಾಲ ತೆಗೆದುಕೊಂಡ ನಿದ್ದೆ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಇಂಥ ಪ್ರಶ್ನೆ ಜಾಥಾದಲ್ಲಿ ಹುಟ್ಟುವುದಿಲ್ಲ.

ಪ್ರಶ್ನೆ ಕೇಳಿದ ಮಗುವಿಗೆ ಶಿಕ್ಷೆಯಾಗದೆಂಬ ಭರವಸೆ ಬೇಕು. ಹಗಲಿನ ತೂಕಡಿಕೆ, ತೊದಲುವ ಮಾತು, ಸಾಲದ ಬೇಡಿಕೆ, ಚೀಲದಲ್ಲಿ ಸಿರಪ್ ಬಾಟಲಿ ಕಂಡಾಗ ಮುಖ್ಯೋಪಾಧ್ಯಾಯರ ಕೊಠಡಿಗಿಂತ ಮೊದಲು ಆಪ್ತ ಮಾತು ಬೇಕು. ಕರ್ನಾಟಕದಲ್ಲಿ ನಮಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಉಸಿರು ನಿಧಾನವಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಡಬ್ಬಿಯನ್ನು ಏನು ಮಾಡುವುದು?

ಅಮೆರಿಕದಲ್ಲಿ 2015ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೋವಿನ ಮಾತ್ರೆಗಳನ್ನು ದುರುಪಯೋಗ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವು ತಮಗೆ ಸಿಕ್ಕಿದ್ದು ಗೆಳೆಯರು ಅಥವಾ ಬಂಧುಗಳಿಂದ ಎಂದಿದ್ದರು. ಅಲ್ಲಿ 2010ರ ಸೆಪ್ಟೆಂಬರ್ 25ರಿಂದ ಉಳಿದ ಔಷಧಗಳನ್ನು ಹಿಂಪಡೆಯುವ ದಿನಗಳನ್ನು ನಡೆಸಲಾಗುತ್ತಿದೆ. ಜನ ಹೆಸರು ಹೇಳದೆ ತಂದು ಸುರಿದು ಹೋಗಬಹುದು. ನಮ್ಮ ನೆರೆಯ ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಳಿಕ್ಕೋಡ್‌ನಲ್ಲಿ 'ಎನ್‌ಪ್ರೌಡ್' ಹೆಸರಿನಲ್ಲಿ ಇಂಥದೇ ಸಂಗ್ರಹಣೆ ಆರಂಭಿಸಿತು. ಒಂದು ಶಾಲೆ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಒಬ್ಬ ಔಷಧ ಅಂಗಡಿಯವರು ಕೂಡಿದರೆ ನಮ್ಮ ಹೋಬಳಿಗಳಲ್ಲೂ ವರ್ಷಕ್ಕೆರಡು ಬಾರಿ ಇದನ್ನು ಮಾಡಲು ಸಾಧ್ಯವಿದೆ. ಮಕ್ಕಳನ್ನು ಸಂಗ್ರಹಣೆಗೆ ಕಳಿಸಬಾರದು. ದೊಡ್ಡವರೇ ತರಬೇಕು.

ನಾನು ತಂದೆಯವರ ಮಾತ್ರೆಗಳನ್ನು ಕೊಂಡ ಅಂಗಡಿಗೇ ಒಯ್ದೆ. ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ದುಡ್ಡು ಬೇಡ, ಮಾತ್ರೆ ಇಟ್ಟುಕೊಳ್ಳಿ ಎಂದೆ. ಅದಕ್ಕೂ ತಮ್ಮಲ್ಲಿ ವ್ಯವಸ್ಥೆಯಿಲ್ಲವೆಂದರು. ಇಂಥ ಗೊಂದಲಕ್ಕೆ ಸ್ವಲ್ಪಮಟ್ಟಿನ ಉತ್ತರ 2025ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿದೆ. ಟ್ರಮಡಾಲ್, ಮಾರ್ಫೀನ್, ಡಯಾಜೆಪಾಮ್ ಸೇರಿದಂತೆ 17 ಔಷಧಗಳು ಮನೆಯಲ್ಲಿ ಉಳಿದರೆ ಕಸಕ್ಕೆ ಹಾಕದೆ ಶೌಚಾಲಯದಲ್ಲಿ ನೀರು ಹಾಕಿ ಕಳಿಸಬೇಕೆಂದು ಅದು ಹೇಳುತ್ತದೆ. ನೀರಿಗೆ ಔಷಧ ಸೇರುವುದು ಒಳ್ಳೆಯದಲ್ಲ. ಆದರೆ ಈ ಕೆಲವನ್ನು ಮನೆಯಲ್ಲಿಟ್ಟರೆ ಒಂದೇ ಮಾತ್ರೆಯೂ ಮಗುವಿಗೆ ಮಾರಕವಾದೀತು, ಆದ್ದರಿಂದ ಈ ಪಟ್ಟಿಗೆ ಮಾತ್ರ ವಿನಾಯಿತಿ. ಉಳಿದ ಔಷಧಗಳು, ವಿಶೇಷವಾಗಿ ಪ್ರತಿಜೈವಿಕಗಳು, ಸಂಗ್ರಹಣೆಗೇ ಹೋಗಬೇಕು. ಅದು ಇಲ್ಲದ ಕಡೆ ಸ್ಟ್ರಿಪ್ಪಿನಿಂದ ಬಿಡಿಸಿ, ಬಳಸಿದ ಟೀ ಚರಟದೊಂದಿಗೆ ಕಲಸಿ, ಕವರಿನಲ್ಲಿ ಕಟ್ಟಿ ಹಾಕುವುದು ಎರಡನೆಯ ದಾರಿ. ಹಾಗೆ ಕಲಸಿದ್ದನ್ನು ಯಾರೂ ಹೆಕ್ಕಿ ತಿನ್ನುವುದಿಲ್ಲ.

ಸೋದರಳಿಯನನ್ನು ಮರುದಿನವೇ ವೈದ್ಯರ ಬಳಿ ಕರೆದೊಯ್ದೆ. ಹನ್ನೊಂದೇ ದಿನವಾದ್ದರಿಂದ ಇಳಿಸುವುದು ಕಷ್ಟವಾಗಲಿಲ್ಲ. ಆದರೆ ಮೂರು ನಾಲ್ಕು ರಾತ್ರಿ ಅವನಿಗೆ ಮೊದಲಿಗಿಂತಲೂ ಕಡಿಮೆ ನಿದ್ದೆ. ಆಗ ಅವನೂ ನಾನೂ ಜಗಲಿಯಲ್ಲಿ ಕೂತು ಮಾತಾಡಿದೆವು. ಅವನಿಗೆ ನಿದ್ದೆ ಬಾರದಿದ್ದುದು ಭೌತಶಾಸ್ತ್ರದ ಭಯದಿಂದ ಎಂದು ನನಗೆ ಗೊತ್ತಾದದ್ದು ಎರಡನೆಯ ರಾತ್ರಿ. ಮನೆಯಲ್ಲಿ ಮೇಷ್ಟ್ರೇ ಇರುವಾಗ ಕಡಿಮೆ ಅಂಕ ಬಂದರೆ ಹೇಗೆ ಎಂದು ಅವನು ಎರಡು ತಿಂಗಳಿಂದ ಒಳಗೊಳಗೇ ಕುದಿಯುತ್ತಿದ್ದ. ಪ್ಯಾರಸಿಟಮಾಲ್, ನನ್ನ ರಕ್ತದೊತ್ತಡದ ಮಾತ್ರೆ ಮತ್ತು ಓಆರ್‌ಎಸ್ ಪೊಟ್ಟಣಗಳು ಈಗ ಒಂದು ಬೀಗ ಹಾಕುವ ಪೆಟ್ಟಿಗೆಯಲ್ಲಿವೆ. ಬಿಸ್ಕತ್ತಿನ ಡಬ್ಬಿಯಲ್ಲಿ ತರಗತಿಗೆ ಒಯ್ಯುವ ಹುಣಸೆ ಬೀಜಗಳಿವೆ.